ರೊಟ್ಟಿಗೆ ಹೊಸ ಹೆಸರು ಬೇಡ

(ರೊಟ್ಟಿ, ಹಿಂಡಿ ಅನ್ನುವ ಚಟ್ನಿಪುಡಿ, ಹಿಟ್ಟು ಮಾರುವ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ವಿಜಯಪುರದಲ್ಲಿ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಬೆಳಿಗ್ಗೆ ರೊಟ್ಟಿ ಮಾಡಿಟ್ಟು ಬಂದವರು ಎಷ್ಟು ಜನ? ಕೈ ಎತ್ತಿ. ನೋಡಿ, ಹೆಚ್ಚು ಕಡಿಮೆ ಎಲ್ಲರೂ. ಆ ರೊಟ್ಟಿ ಬಗ್ಗೆ ಒಂದು ನಿಮಿಷ ಕೂತು ಯೋಚನೆ ಮಾಡಿದವರು ಎಷ್ಟು ಜನ? ಯಾರೂ ಇಲ್ಲ. ಅದರಲ್ಲಿ ತಪ್ಪೇನಿಲ್ಲ. ದಿನಾ ಮಾಡುವುದನ್ನು ಯಾರು ಯೋಚಿಸುತ್ತಾರೆ?

ಆದರೆ ಇದೇ ಹೊತ್ತಿಗೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಒಬ್ಬ ಹೆಣ್ಣುಮಗಳು ಅಂಗಡಿಯಲ್ಲಿ ನಿಂತಿರುತ್ತಾಳೆ. ಕೈಯಲ್ಲಿ ಜೋಳದ ರೊಟ್ಟಿಯ ಪಾಕೀಟು ಇದೆ. ಅದನ್ನು ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದುತ್ತಿದ್ದಾಳೆ. ಮನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ. ತನಗೆ ತೂಕದ ಚಿಂತೆ. ಮಗುವಿಗೆ ಸರಿಯಾಗಿ ಹೊಟ್ಟೆ ಸಾಫಾಗುವುದಿಲ್ಲ. ಅವಳು ರೊಟ್ಟಿ ಬಗ್ಗೆ ನಮಗಿಂತ ಜಾಸ್ತಿ ಯೋಚನೆ ಮಾಡುತ್ತಿದ್ದಾಳೆ. ಅವಳಿಗೆ ನಾವು ಏನು ಹೇಳಬೇಕು ಅನ್ನುವುದೇ ಇವತ್ತಿನ ಮಾತು.

ನಾನು ಮೊದಲ ಸಲ ಬೆಂಗಳೂರಿನ ಒಂದು ಮೇಳಕ್ಕೆ ಹೋದಾಗ ನಮ್ಮ ಪಾಕೀಟಿನ ಮೇಲೆ ದೊಡ್ಡದಾಗಿ ಇಂಗ್ಲಿಷಿನಲ್ಲಿ ‘ಮಿಲೆಟ್ ಫ್ಲ್ಯಾಟ್‌ಬ್ರೆಡ್’ ಅಂತ ಬರೆಸಿದ್ದೆವು. ಕೆಳಗೆ ಸಣ್ಣದಾಗಿ ಜೋಳದ ರೊಟ್ಟಿ. ಪಟ್ಟಣದವರಿಗೆ ಹಾಗಿದ್ದರೇ ಹಿಡಿಸುತ್ತದೆ ಅಂತ ಯಾರೋ ಹೇಳಿದ್ದರು, ನಾವೂ ನಂಬಿದೆವು. ಒಬ್ಬರು ಬಂದು ಪಾಕೀಟು ಎತ್ತಿಕೊಂಡರು. ಎಲ್ಲ ಓದಿದರು. ಆಮೇಲೆ ಕೇಳಿದರು: ಇದು ಯಾವ ಜೋಳ? ಹಿಟ್ಟು ಬೀಸಿದ್ದು ಯಾವಾಗ? ಗೋಧಿ ಏನಾದರೂ ಬೆರೆಸಿದ್ದೀರಾ?

ನನಗೆ ಮೂರನೆಯದಕ್ಕೆ ಮಾತ್ರ ಉತ್ತರ ಗೊತ್ತಿತ್ತು. ಅದೂ ಪೂರ್ತಿ ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು, ಅದನ್ನು ಮುಂದೆ ಹೇಳುತ್ತೇನೆ. ಪಾಕೀಟಿನ ಮೇಲೆ ‘ಆರೋಗ್ಯಕರ, ಶುದ್ಧ, ಸಾಂಪ್ರದಾಯಿಕ’ ಅಂತ ಮೂರು ದೊಡ್ಡ ಮಾತು ಬರೆದಿದ್ದೆವು. ಅವರು ಕೇಳಿದ ಮೂರು ಸಣ್ಣ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಅವರು ಪಾಕೀಟು ಮೆಲ್ಲಗೆ ಕೆಳಗಿಟ್ಟು ಹೋದರು. ಅವತ್ತಿನಿಂದ ನಾನು ಹೆಸರಿನ ಚಿಂತೆ ಬಿಟ್ಟೆ. ಆ ಮೂರು ಪ್ರಶ್ನೆ ಹಿಡಿದುಕೊಂಡೆ.

ಯಾವ ಜೋಳ ಅನ್ನುವುದಕ್ಕೆ ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ಉತ್ತರ ಹೇಳಬಲ್ಲವರು ಯಾರಿದ್ದಾರೆ ಹೇಳಿ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ಡೋಣಿ ನದಿ ಸಾಲಿನ ಕಪ್ಪು ಎರೆಮಣ್ಣು ಮಳೆ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದರೆ ಮುಂದೆ ಮಳೆ ಬರದಿದ್ದರೂ ಆ ಹಸಿಯಲ್ಲೇ, ಚಳಿಗೆ, ಇಬ್ಬನಿಗೆ ಹಿಂಗಾರಿ ಜೋಳ ಬೆಳೆಯುತ್ತದೆ. ಮುಂಗಾರಿ ಜೋಳ ತೆನೆ ಕಟ್ಟಿ ಬಲಿಯುವ ಹೊತ್ತಿಗೆ ಮಳೆ ಸಿಕ್ಕರೆ ಕಾಳಿಗೆ ಬೂಜು ಹಿಡಿದು ಕಪ್ಪಾಗುತ್ತದೆ. ಹಿಂಗಾರಿಗೆ ಆ ಕಾಟ ಕಡಿಮೆ. ಅದಕ್ಕೇ ಕಾಳು ಮುತ್ತಿನ ಹಾಗೆ ಬೆಳ್ಳಗೆ, ದುಂಡಗೆ ಬರುತ್ತದೆ, ರೊಟ್ಟಿ ಮೆತ್ತಗೆ, ಸಿಹಿಯಾಗಿ ಬರುತ್ತದೆ. ಮಾಲದಂಡಿ ತಳಿ ಅಂದರೆ ನಿಮಗೆಲ್ಲ ಗೊತ್ತು, ಎಂ 35-1 ಅನ್ನುವುದು ಅದೇ. ನಮ್ಮದೇ ಹಿಟ್ನಳ್ಳಿಯ ಕೃಷಿ ಸಂಶೋಧನಾ ಫಾರ್ಮಿನಲ್ಲಿ ಜೋಳದ ಮೇಲೆ ಎಷ್ಟೋ ವರ್ಷದಿಂದ ಕೆಲಸ ನಡೆದಿದೆ, ಬಿಜೆವಿ-44 ಅಲ್ಲಿಂದ ಬಂದ ತಳಿ.

ಇದನ್ನು ಪಾಕೀಟಿನ ಮೇಲೆ ಯಾಕೆ ಬರೆಯುವುದಿಲ್ಲ ನಾವು? ಕಾಫಿ ಮಾರುವವರು ಯಾವ ಗುಡ್ಡದ ಕಾಫಿ ಅಂತ ಬರೆಯುತ್ತಾರೆ. ಮಾವಿನಹಣ್ಣು ಮಾರುವವರು ಊರು, ತಳಿ ಎರಡೂ ಹೇಳುತ್ತಾರೆ. ನಾವು ‘ಜೋಳ’ ಅಂತ ಒಂದೇ ಮಾತು ಬರೆದು ಬಿಟ್ಟುಬಿಡುತ್ತೇವೆ. ‘ಹಿಂಗಾರಿ ಮಾಲದಂಡಿ, ಮಳೆಯಾಶ್ರಿತ ಎರೆಹೊಲದ್ದು, ಇಂಥ ಊರಿನದು, ಇಂಥ ವರ್ಷದ ಸುಗ್ಗಿ.’ ಒಂದು ಸಾಲು ಸಾಕು. ಅದು ನಿಜವಾಗಿರಬೇಕು, ಅಷ್ಟೇ. ಸಂತೆಯಲ್ಲಿ ಸಿಕ್ಕ ಜೋಳ ತಂದು ಡೋಣಿ ಜೋಳ ಅಂತ ಬರೆಯಬಾರದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳುತ್ತೇನೆ, ಬಿಡಲಿಕ್ಕೆ ಮನಸ್ಸಾಗುವುದಿಲ್ಲ. ಹಳಗನ್ನಡದಲ್ಲಿ ‘ಜೋಳವಾಳಿ’ ಅಂತ ಒಂದು ಮಾತಿದೆ. ಒಡೆಯ ಕೊಟ್ಟ ಜೋಳ ಉಂಡದ್ದಕ್ಕೆ ಆಳು ತೀರಿಸಬೇಕಾದ ಋಣ ಅದು. ಅದಕ್ಕಾಗಿ ಯುದ್ಧದಲ್ಲಿ ಪ್ರಾಣ ಕೊಟ್ಟವರಿದ್ದಾರೆ. ಈಗ ನಾವು ಉಪ್ಪಿನ ಋಣ ಅನ್ನುತ್ತೇವಲ್ಲ, ಆಗ ಕನ್ನಡದವರು ಜೋಳದ ಋಣ ಅನ್ನುತ್ತಿದ್ದರು. ಸಾವಿರ ವರ್ಷದ ಹಿಂದೆಯೇ ಅನ್ನ ಅಂದರೆ ಜೋಳ ಅನ್ನುವಷ್ಟು ಅದು ನಮ್ಮದು. ನಮ್ಮ ಮುತ್ತಜ್ಜನ ಕಾಲದಲ್ಲಿ ಜೋಳವನ್ನು ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಿದ್ದರು, ಬರ ಬಂದರೆ ಊರೇ ಅದರಲ್ಲಿ ಉಣ್ಣುತ್ತಿತ್ತು. ಇಂಥ ಧಾನ್ಯಕ್ಕೆ ಪರದೇಶದ ಹೆಸರಿಟ್ಟು ಮಾರಬೇಕಾದ ಗತಿ ನಮಗೆ ಬಂದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಜೋಳವನ್ನೂ ಸೇರಿಸಿ ಪೌಷ್ಟಿಕ ಧಾನ್ಯ ಅಂತ ಹೆಸರು ಕೊಟ್ಟಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ಈಗ ಜನರೇ ಹುಡುಕಿಕೊಂಡು ಬರುತ್ತಿದ್ದಾರೆ. ಹುಡುಕುವವರಿಗೆ ಅದರ ಸ್ವಂತ ಹೆಸರಿನಲ್ಲೇ ಸಿಗಬೇಕು, ಅಲ್ವಾ?

ಇನ್ನು ಹಿಟ್ಟು ಬೀಸಿದ ತಾರೀಕು. ನಮ್ಮ ಮನೆಯಲ್ಲಿ ಹಿಟ್ಟು ಹಳೆಯದಾದರೆ ಅತ್ತೆ ಮುಟ್ಟಿ ನೋಡಿಯೇ ‘ಜಿಗಿ ಹೋಗೇತಿ, ಇದು ರೊಟ್ಟಿಗೆ ಬರಂಗಿಲ್ಲ’ ಅನ್ನುತ್ತಿದ್ದರು. ಹೌದು, ಜೋಳದ ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇರುತ್ತದೆ. ಇಡೀ ಕಾಳು ಬೀಸಿದಾಗ ಅದೂ ಹಿಟ್ಟಿಗೆ ಬರುತ್ತದೆ, ಗಾಳಿ ತಾಗುತ್ತದೆ, ದಿನ ಕಳೆದ ಹಾಗೆ ಮುಗ್ಗು ವಾಸನೆ, ಕಹಿ ಶುರುವಾಗುತ್ತದೆ. ರೊಟ್ಟಿ ಹರಿಯುತ್ತದೆ. ಪಟ್ಟಣದಲ್ಲಿ ಜನ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಹಿಟ್ಟು ತಂದು ರೊಟ್ಟಿ ಮಾಡಲು ಹೋಗುತ್ತಾರೆ. ಬರುವುದಿಲ್ಲ. ‘ನನಗೆ ರೊಟ್ಟಿ ಬರಲ್ಲ’ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅವರ ಕೈ ಸರಿಯಾಗಿಯೇ ಇರುತ್ತದೆ, ಹಿಟ್ಟು ಹಳೆಯದು.

ಅದಕ್ಕೆ ನಾವು ಈಗ ವಾರಕ್ಕೆ ಎರಡು ಸಲ ಬೀಸುತ್ತೇವೆ, ಎಷ್ಟು ಆರ್ಡರ್ ಇದೆಯೋ ಅಷ್ಟೇ. ಪಾಕೀಟಿನ ಮೇಲೆ ಬೀಸಿದ ತಾರೀಕು ಒತ್ತುತ್ತೇವೆ. ಪ್ಯಾಕ್ ಮಾಡಿದ ತಾರೀಕು ಎಲ್ಲರೂ ಹಾಕುತ್ತಾರೆ, ಹಾಕಲೇಬೇಕು. ಬೀಸಿದ ತಾರೀಕು ಬೇರೆ. ಅದನ್ನು ನೋಡಿದವರು ಫೋನ್ ಮಾಡಿ ಕೇಳುತ್ತಾರೆ, ಮಾತಾಡುತ್ತಾರೆ, ಮತ್ತೆ ತರಿಸುತ್ತಾರೆ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ.

ಇಲ್ಲೇ ಇನ್ನೊಂದು ವಿಷಯ. ರೊಟ್ಟಿ ಬೆಳ್ಳಗೆ ಬರಲಿ ಅಂತ ನುಣ್ಣನೆ ಜರಡಿ ಹಿಡಿದು ತೌಡು ತೆಗೆಯುವವರಿದ್ದೀರಿ. ಬೇಡ. ಆರೋಗ್ಯಕ್ಕೆ ಅಂತ ಕೊಳ್ಳುವವರು ಕೊಳ್ಳುವುದೇ ಆ ನಾರಿಗಾಗಿ. ಅದನ್ನು ದನಕ್ಕೆ ಹಾಕಿ ಉಳಿದದ್ದನ್ನು ಅವರಿಗೆ ಕಳಿಸಿದರೆ ಹೇಗೆ?

ಈಗ ಮೂರನೆಯ ಪ್ರಶ್ನೆ. ಗೋಧಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಜೋಳದಲ್ಲಿ ಗ್ಲುಟೆನ್ ಇಲ್ಲ. ಗ್ಲುಟೆನ್ ಅಂದರೆ ಗೋಧಿ ಹಿಟ್ಟು ನಾದಿದಾಗ ಎಳೆದರೆ ಎಳೆಯುವ ಹಾಗೆ ಮಾಡುವ ಜಿಗುಟು. ಕೆಲವರ ದೇಹ ಅದನ್ನು ತಾಳುವುದಿಲ್ಲ. ಸೀಲಿಯಾಕ್ ಅಂತ ಕಾಯಿಲೆ, ಅವರ ಕರುಳಿಗೇ ಪೆಟ್ಟಾಗುತ್ತದೆ. ಅವರಿಗೆ ಜೋಳದ ರೊಟ್ಟಿ ದೊಡ್ಡ ಆಸರೆ. ಇದು ಗೊತ್ತಾದ ಮೇಲೆ ನಾವು ಖುಷಿಯಿಂದ ಪಾಕೀಟಿನ ಮೇಲೆ ‘ಗ್ಲುಟೆನ್ ಇಲ್ಲ’ ಅಂತ ಬರೆಸಿದೆವು. ನಮ್ಮ ಹಿಟ್ಟಿನಲ್ಲಿ ನಾವು ಚಿಟಿಕೆ ಗೋಧಿ ಹಾಕಿರಲಿಲ್ಲ. ಮನಸ್ಸಾಕ್ಷಿಗೆ ಸರಿಯಾಗಿಯೇ ಇತ್ತು.

ಒಂದು ದಿನ ಹುಬ್ಬಳ್ಳಿ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದರು. ಮಗನಿಗೆ ಈ ಕಾಯಿಲೆ ಇದೆ, ಎಂಟು ವರ್ಷ. ನಿಮ್ಮ ಹಿಟ್ಟಿನ ರೊಟ್ಟಿ ಕೊಟ್ಟ ಮೇಲೆ ಎರಡು ಸಲ ಹೊಟ್ಟೆ ಕೆಟ್ಟಿದೆ. ಬೈಯಲಿಲ್ಲ. ‘ಎಲ್ಲಿ ಬೀಸಸ್ತೀರಿ ಅಕ್ಕಾರ?’ ಅಂತಷ್ಟೇ ಕೇಳಿದರು. ನಾನು ಊರ ಗಿರಣಿಯಲ್ಲಿ ಅಂದೆ. ‘ಅಲ್ಲಿ ಗೋಧಿನೂ ಬೀಸ್ತಾರಲ್ರಿ?’ ನನ್ನ ಬಾಯಿಂದ ಮಾತು ಬರಲಿಲ್ಲ. ನಮ್ಮ ಜೋಳಕ್ಕಿಂತ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಮನೆಯ ಗೋಧಿ ಬೀಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಕೊಳವೆಯಲ್ಲಿ ಉಳಿದ ಹಿಟ್ಟು ನಮ್ಮದರಲ್ಲಿ ಬರುತ್ತದೆ. ನಾವು ಅದೆಷ್ಟು ಸಲ ಕಣ್ಣಾರೆ ನೋಡಿದ್ದೇವೆ! ಆದರೆ ಅದಕ್ಕೂ ಪಾಕೀಟಿನ ಮೇಲಿನ ಅಕ್ಷರಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ನಿಯಮ ಏನಂದರೆ, ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು. ಇಪ್ಪತ್ತು ಮಿಲಿಗ್ರಾಂ ಅಂದರೆ ಕೆಲವೇ ಸಕ್ಕರೆ ಹರಳಿನಷ್ಟು ತೂಕ. ಗಿರಣಿ ಒರೆಸಿದರೆ, ಎರಡು ಕಿಲೋ ಜೋಳ ಮೊದಲು ಬೀಸಿ ಚೆಲ್ಲಿದರೆ ಅದು ಖಾತ್ರಿಯಾಗುವುದಿಲ್ಲ. ನಾವು ಆ ವಾರವೇ ಉಳಿದ ಎಲ್ಲ ಪಾಕೀಟಿನ ಮೇಲಿನ ಆ ಸಾಲು ಮುಚ್ಚಿ ಚೀಟಿ ಅಂಟಿಸಿದೆವು: ‘ಗೋಧಿಯನ್ನೂ ಬೀಸುವ ಗಿರಣಿಯಲ್ಲಿ ಬೀಸಿದ್ದು.’ ಮಾರಾಟ ಕಡಿಮೆಯಾಯಿತು. ಒಂದೂವರೆ ವರ್ಷ ಆದ ಮೇಲೆ ಸಾಲ ಮಾಡಿ ಜೋಳಕ್ಕೇ ಅಂತ ಒಂದು ಸಣ್ಣ ಗಿರಣಿ ಹಾಕಿದೆವು. ಸಣ್ಣ ಆಹಾರ ಉದ್ದಿಮೆಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 35 ಪ್ರತಿಶತ ಸಬ್ಸಿಡಿ ಕೊಡುತ್ತಿದ್ದರು, ಈಗಲೂ ಇದೆಯಾ ವಿಚಾರಿಸಿ. ಆ ಗಿರಣಿ ಮನೆಗೆ ಗೋಧಿ ಚೀಲ ತರುವ ಹಾಗಿಲ್ಲ. ಊಟದ ಡಬ್ಬಿಯಲ್ಲಿ ಚಪಾತಿಯನ್ನೂ ತರುವ ಹಾಗಿಲ್ಲ. ಹಿಟ್ಟನ್ನು ಪ್ರಯೋಗಾಲಯಕ್ಕೆ ಕಳಿಸಿ ಫಲಿತಾಂಶ ಬಂದ ಮೇಲೆಯೇ ಮತ್ತೆ ಆ ಸಾಲು ಬರೆದೆವು.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಆರೋಗ್ಯಕ್ಕೆ ಅಂತ ಕೊಳ್ಳುವವರ ನಂಬಿಕೆ ಬಹಳ ಸೂಕ್ಷ್ಮ. ಅವರಲ್ಲಿ ಕೆಲವರಿಗೆ ಅದು ಹೊಸ ಹವ್ಯಾಸ ಇರಬಹುದು. ಆದರೆ ಆ ತಾಯಿಗೆ ಅದು ಮಗನ ಊಟ.

ಮುಂದಿನ ಮಾತೂ ಇದಕ್ಕೆ ಹತ್ತಿದ್ದೇ. ಪಾಕೀಟಿನ ಮೇಲೆ ‘ಶುಗರ್ ಓಡಿಸುತ್ತದೆ’, ‘ತೂಕ ಇಳಿಸುತ್ತದೆ’ ಅಂತೆಲ್ಲ ಬರೆಯಬೇಡಿ. ಆಹಾರದ ಪಾಕೀಟಿನ ಮೇಲೆ ಕಾಯಿಲೆ ವಾಸಿ ಮಾಡುತ್ತದೆ ಅಂತ ಬರೆಯುವುದು ಕಾನೂನಿಗೆ ವಿರುದ್ಧ, ಅದಿರಲಿ. ಅದು ನಿಜವೂ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಕೋಷ್ಟಕ ಪ್ರಕಟಿಸಿದೆ. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 68 ಗ್ರಾಂನಷ್ಟು ಪಿಷ್ಟ, ಸಕ್ಕರೆ ಅಂಶ. ನಮ್ಮ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯುತ್ತದೆ. ಅಂದರೆ ಒಂದು ರೊಟ್ಟಿಯಲ್ಲಿ 40 ಗ್ರಾಂ ಪಿಷ್ಟ ಬಂತು. ಸಕ್ಕರೆ ಕಾಯಿಲೆ ಇದ್ದವರು ಜೋಳ ಒಳ್ಳೆಯದು ಅಂತ ನಾಲ್ಕು ರೊಟ್ಟಿ ಉಂಡರೆ ಏನಾಗುತ್ತದೆ, ಲೆಕ್ಕ ನೀವೇ ಹಾಕಿ.

ನಾರಿನ ಮಾತಿಗೆ ಬಂದರೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ 3 ಗ್ರಾಂ ಕೂಡ ಇಲ್ಲ. ಹಾಗಾಗಿ ಅನ್ನಕ್ಕಿಂತ ರೊಟ್ಟಿಯಲ್ಲಿ ನಾರು ಮೂರು ಪಟ್ಟಿಗೂ ಜಾಸ್ತಿ ಅಂತ ಧೈರ್ಯವಾಗಿ ಹೇಳಿ. ಆದರೆ ಇಡೀ ಗೋಧಿ ಹಿಟ್ಟಿನಲ್ಲೂ 11 ಗ್ರಾಂ ನಾರಿದೆ. ಚಪಾತಿಗಿಂತ ರೊಟ್ಟಿಯಲ್ಲಿ ನಾರು ಜಾಸ್ತಿ ಅಂತ ಹೇಳಬೇಡಿ. ಸುಣ್ಣದ ಅಂಶಕ್ಕೆ ರಾಗಿ ಮುಂದೆ, ಕಬ್ಬಿಣಕ್ಕೆ ಸಜ್ಜೆ ಮುಂದೆ. ನಮ್ಮ ಜೋಳದ ಬಗ್ಗೆ ಪ್ರೀತಿ ಇದೆ ಅಂತ ಬೇರೆಯವರ ಗುಣವನ್ನೂ ಅದಕ್ಕೆ ಹಚ್ಚಬಾರದು. 100 ಗ್ರಾಂಗೆ 6 ಗ್ರಾಂ ನಾರಿದ್ದರೆ ‘ನಾರು ಹೆಚ್ಚು’ ಅಂತ ಬರೆಯಲು ನಿಯಮವೇ ಅವಕಾಶ ಕೊಡುತ್ತದೆ. ಅದು ನಮಗೆ ಸಾಕಷ್ಟಾಯಿತು.

ನಿಜ ಹೇಳಬೇಕೆಂದರೆ ರೊಟ್ಟಿಯ ಬಲ ರೊಟ್ಟಿಯೊಂದರಲ್ಲೇ ಇಲ್ಲ. ತಾಟಿನಲ್ಲಿದೆ. ಇದು ನನಗೆ ಬಹಳ ಇಷ್ಟವಾದ ವಿಷಯ, ಸ್ವಲ್ಪ ಕೇಳಿ. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಬೇಳೆ ಕಾಳಿನಲ್ಲಿ ಅದು ಜಾಸ್ತಿ. ನಮ್ಮವರು ರೊಟ್ಟಿಗೆ ಏನು ಹಚ್ಚಿಕೊಂಡರು? ಮಡಿಕೆ ಕಾಳಿನ ಪಲ್ಯ, ಹೆಸರುಕಾಳು, ಕಡಲೆಹಿಟ್ಟಿನ ಝುಣಕ, ಬ್ಯಾಳಿ. ಯಾವ ಪುಸ್ತಕವೂ ಇಲ್ಲದ ಕಾಲದಲ್ಲಿ. ಪಕ್ಕಕ್ಕೆ ಹಸಿ ಮೆಂತ್ಯ, ಉಳ್ಳಾಗಡ್ಡಿ, ಸೌತಿಕಾಯಿ, ಗಜ್ಜರಿ. ಬಟ್ಟಲಲ್ಲಿ ಮೊಸರು. ಅದರ ಮೇಲೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ. ಇವತ್ತು ಒಮೆಗಾ-3 ಬೇಕು ಅಂತ ಜನ ಅಗಸೆ ಬೀಜವನ್ನು ಗುಳಿಗೆ ಹಾಗೆ ನುಂಗುತ್ತಾರೆ. ನಮ್ಮಲ್ಲಿ ಅದು ಬೆಳ್ಳುಳ್ಳಿ, ಖಾರ ಕೂಡಿ ರೊಟ್ಟಿ ಮೇಲೆ ಕೂತಿದೆ. ಒಂದು ಹೋಳು ನಮ್ಮ ಇಂಡಿ ಊರಿನ ನಿಂಬೆ ಹಿಂಡಿದರೆ ಅದರಲ್ಲಿನ ಸಿ ವಿಟಮಿನ್‌ನಿಂದ ಜೋಳದ, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತೇವಲ್ಲ, ಆ ಬುತ್ತಿ ನೆನಪು ಮಾಡಿಕೊಳ್ಳಿ. ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಕಾಳು, ಹಿಂಡಿ. ಸುತ್ತಲೂ ನಿಂತ ಜೋಳದ ಬೆಳೆ. ದೊಡ್ಡ ಹೋಟೆಲಿನವರು ಈಗ ‘ಬೌಲ್’ ಅಂತ ಕೊಡುವುದರಲ್ಲಿ ಇದಕ್ಕಿಂತ ಜಾಸ್ತಿ ಏನೂ ಇಲ್ಲ. ಹಾಗಾಗಿ ನಾನು ಹೇಳುವುದು, ಬರೀ ರೊಟ್ಟಿ ಮಾರಬೇಡಿ. ಐದು ಖಡಕ್ ರೊಟ್ಟಿ, ಎರಡು ತರದ ಹಿಂಡಿ ಸೇರಿಸಿ ಒಂದು ಪಾಕೀಟು ಮಾಡಿ. ಒಳಗೆ ಒಂದು ಚೀಟಿ ಇಡಿ: ಇದರ ಜೊತೆ ಯಾವುದಾದರೂ ಕಾಳಿನ ಪಲ್ಯ, ಹಸಿ ತರಕಾರಿ, ಮೊಸರು ಇರಲಿ. ಹಾಗೆ ಮಾಡಿದ ಮೇಲೆ ನಮ್ಮಲ್ಲಿ ಹಿಂಡಿಯ ಮಾರಾಟ ರೊಟ್ಟಿಯನ್ನೂ ದಾಟಿತು.

ಏನು ಬದಲಾಯಿಸಬಹುದು ಅಂತ ಯಾರೋ ಚೀಟಿ ಕಳಿಸಿದ್ದೀರಿ. ಅಳತೆ ಬದಲಾಗಲಿ. ದೊಡ್ಡ ಖಡಕ್ ರೊಟ್ಟಿ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಚೂರಾಗುತ್ತದೆ. ಅಂಗೈ ಅಗಲ ಮಾಡಿದರೆ ಮುರಿಯುವುದಿಲ್ಲ, ಆಫೀಸಿನ ಡಬ್ಬಿಗೆ ಹಿಡಿಯುತ್ತದೆ, ಸಂಜೆ ಚಹಾದ ಹೊತ್ತಿಗೆ ಬಿಸ್ಕತ್ತಿನ ಬದಲು ಮಕ್ಕಳು ತಿನ್ನುತ್ತಾರೆ. ಮೆಂತ್ಯ ಹಾಕಿ, ಎಳ್ಳು ಹಾಕಿ, ಜೀರಿಗೆ ಹಾಕಿ. ಮೈದಾ ಹಾಕಬೇಡಿ, ಕರಿಯಬೇಡಿ. ನುಚ್ಚು, ಅಂಬಲಿ, ಪಂಚಮಿಯ ಅಳ್ಳು, ಅಳ್ಳಿಟ್ಟು, ಇವೆಲ್ಲ ಇನ್ನೂ ಪಟ್ಟಣ ಕಂಡೇ ಇಲ್ಲ. ಜೋಳದ ಅಳ್ಳು ಎಣ್ಣೆ ಇಲ್ಲದೆ ಅರಳುತ್ತದೆ. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಬೆಲೆಯ ಮಾತು ಹೇಳಿ ಮುಗಿಸುತ್ತೇನೆ. 2024-25ರಲ್ಲಿ ಮಾಲದಂಡಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,421 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಕಿಲೋಗೆ 34 ರೂಪಾಯಿ ಅಂತ ಹಿಡಿಯಿರಿ. ಕಿಲೋಗೆ ನಮ್ಮ ಅಳತೆಯ ಹದಿನಾರು ರೊಟ್ಟಿ. ಒಂದು ರೊಟ್ಟಿಯಲ್ಲಿ ಜೋಳದ ಬೆಲೆ ಎರಡು ರೂಪಾಯಿ ಚಿಲ್ಲರೆ. ಉಳಿದದ್ದೆಲ್ಲ ಉರುವಲು, ಗಿರಣಿ, ಮತ್ತೆ ನಿಮ್ಮ ಕೈ. ದಿನಕ್ಕೆ ಇನ್ನೂರು ರೊಟ್ಟಿ ಬಡಿದ ಹೆಂಗಸಿನ ರಟ್ಟೆ ರಾತ್ರಿ ಹೇಗೆ ನೋಯುತ್ತದೆ ಅಂತ ಈ ಕೋಣೆಯಲ್ಲಿರುವವರಿಗೆ ಹೇಳಬೇಕಾಗಿಲ್ಲ. ಪಕ್ಕದ ಸಂಘದವರಿಗಿಂತ ಎಂಟಾಣೆ ಕಡಿಮೆ ಮಾಡಿ ಕೊಡುತ್ತೇವೆ ಅಂತ ಹೋಗಬೇಡಿ. ತಾಜಾ ಹಿಟ್ಟು, ಗೊತ್ತಿರುವ ಜೋಳ, ಸುಳ್ಳಿಲ್ಲದ ಚೀಟಿ ಇದ್ದರೆ ಕೊಳ್ಳುವವರು ಎರಡು ರೂಪಾಯಿ ಜಾಸ್ತಿ ಕೊಡುತ್ತಾರೆ. ಆ ಎರಡು ರೂಪಾಯಿ ರೊಟ್ಟಿ ಬಡಿದವಳ ಕೈಗೇ ಹೋಗಬೇಕು. ನಮ್ಮ ಸಂಘದಲ್ಲಿ ಹಾಗೇ ಮಾಡಿದ್ದೇವೆ.

ಪಟ್ಟಣದವರಿಗೆ ರೊಟ್ಟಿ ಮಾಡಲು ಕಲಿಸುವ ಬಗ್ಗೆ ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುತ್ತೇನೆ. ಅವರು ಚಪಾತಿಗೆ ಹಾಕುವ ಹಾಗೆ ಉಗುರುಬೆಚ್ಚಗಿನ ನೀರು ಹಾಕುತ್ತಾರೆ, ಅಂಚು ಬಿರುಕು ಬಿಡುತ್ತದೆ. ಜೋಳಕ್ಕೆ ಗೋಧಿಯ ಜಿಗುಟು ಇಲ್ಲದ್ದರಿಂದ ನೀರು ಕುದಿಯುತ್ತಿರಬೇಕು, ಆಗ ಹಿಟ್ಟು ಅರೆಬೆಂದು ಅದೇ ಅಂಟಾಗುತ್ತದೆ. ಒಂದು ಬಟ್ಟಲಿಗೆ ಮುಕ್ಕಾಲು ಬಟ್ಟಲಿಗಿಂತ ಚೂರು ಜಾಸ್ತಿ ನೀರು. ಬಡಿಯಲು ಬರದಿದ್ದರೆ ಲಟ್ಟಣಿಗೆಯಲ್ಲಿ ಲಟ್ಟಿಸಲಿ, ಅದೂ ರೊಟ್ಟಿಯೇ. ಇದನ್ನು ಮೂರು ನಿಮಿಷದ ವಿಡಿಯೋ ಮಾಡಿ ಪಾಕೀಟಿನ ಮೇಲೆ ಅದರ ಕೋಡ್ ಹಾಕಿದ್ದೇವೆ. ನಿಮ್ಮಲ್ಲಿ ಯಾರ ಕೈ ಚೆನ್ನಾಗಿದೆಯೋ ಅವರದ್ದೂ ಒಂದು ವಿಡಿಯೋ ಇವತ್ತೇ ಮಾಡೋಣ. ಹಿಂದಿನ ಕೋಣೆಯಲ್ಲಿ ಹಂಚು ಕಾದಿದೆ, ನೀರೂ ಕುದಿಯುತ್ತಿದೆ. ಹಿಟ್ಟು ನಿನ್ನೆ ಬೀಸಿದ್ದು. ಬನ್ನಿ.